ಗೇಟಿನ ಫಲಕದಲ್ಲಿ ‘ಪರಮ ಒಳಿತು’: ಯಾರದು, ಯಾವುದು?

ಪ್ರಶ್ನೆ: ಪೀಣ್ಯದಲ್ಲಿ ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಕಾರ್ಖಾನೆಯೊಂದರ ಸಿಬ್ಬಂದಿ ವಿಭಾಗದಲ್ಲಿ ನಾನು ಕೆಲಸ ಮಾಡುತ್ತಿದ್ದೇನೆ. ಈ ವರ್ಷ ನಮ್ಮ ಕಂಪನಿಗೆ ಹೊಸ ವಿಷನ್ ಸ್ಟೇಟ್‌ಮೆಂಟ್ (ಮುನ್ನೋಟದ ಹೇಳಿಕೆ) ಬಂದಿದೆ. ಗ್ರಾಹಕರು, ನೌಕರರು, ಷೇರುದಾರರು ಮತ್ತು ಸಮಾಜ, ಈ ಎಲ್ಲರ ಪರಮೋಚ್ಚ ಒಳಿತನ್ನು ಸಾಧಿಸುವುದೇ ಕಂಪನಿಯ ಗುರಿ ಎಂಬುದು ಅದರ ಸಾರಾಂಶ. ರಾಜ್ಯೋತ್ಸವದ ಹೊತ್ತಿಗೆ ಅದನ್ನು ಕನ್ನಡದಲ್ಲಿ ಗೇಟಿನ ಬಳಿ ಬರೆಸುವ ಹೊಣೆಯನ್ನು ನನಗೆ ವಹಿಸಿದ್ದಾರೆ. ‘ಪರಮಾರ್ಥ’ ಎಂದು ಬರೆದರೆ ಮಠದ ಫಲಕದಂತೆ ಕಾಣುತ್ತದೆ ಎಂದು ಒಬ್ಬರು, ‘ಶ್ರೇಯೋಭಿವೃದ್ಧಿ’ ಎಂದರೆ ಸರ್ಕಾರಿ ನಿಗಮದಂತೆ ಕೇಳಿಸುತ್ತದೆ ಎಂದು ಇನ್ನೊಬ್ಬರು ತಕರಾರು ತೆಗೆದಿದ್ದಾರೆ. ಕಂಪನಿಯೊಂದಕ್ಕೆ ‘ಪರಮ ಒಳಿತು’ ಎಂದರೆ ನಿಜವಾಗಿ ಏನರ್ಥ? ಅದಕ್ಕೆ ಕಾನೂನಿನ ಬಲವೇನಾದರೂ ಇದೆಯೇ? ಸರಿಯಾದ ಕನ್ನಡ ಪದ ಯಾವುದು?
– ಓದುಗರು, ಪೀಣ್ಯ, ಬೆಂಗಳೂರು

ಉತ್ತರ: ನಿಮಗೆ ಪದ ಸಿಗದಿರುವುದಕ್ಕೆ ಕನ್ನಡದ ಬಡತನ ಕಾರಣವಲ್ಲ. ಮೂಲ ವಾಕ್ಯವೇ ತಾನು ಹೇಳಬೇಕಾದ ಮಾತನ್ನು ಹೇಳದೆ ಬಿಟ್ಟಿದೆ. ಆದ್ದರಿಂದ ಮೊದಲು ಅರ್ಥವನ್ನು ನೋಡೋಣ.

‘ಪರಮ ಒಳಿತು’ ಎಂಬ ವಿಚಾರವನ್ನು ವ್ಯವಸ್ಥಿತವಾಗಿ ಎತ್ತಿದವರಲ್ಲಿ ಗ್ರೀಸಿನ ಅರಿಸ್ಟಾಟಲ್ ಪ್ರಮುಖ. ಅವನು ಕೊಟ್ಟ ಉದಾಹರಣೆ ನಿಮ್ಮ ಕಸುಬಿಗೆ ಹತ್ತಿರದ್ದು. ಕುದುರೆಯ ಕಡಿವಾಣ ಮಾಡುವವನ ಕೆಲಸ ಸವಾರಿಗಾಗಿ, ಸವಾರಿ ಯುದ್ಧಕ್ಕಾಗಿ, ಯುದ್ಧ ಗೆಲುವಿಗಾಗಿ. ಹೀಗೆ ಒಂದು ಇನ್ನೊಂದಕ್ಕಾಗಿ ಎಂದು ಹೋಗುವ ಸರಪಳಿ ಎಲ್ಲಿಯಾದರೂ ನಿಲ್ಲಲೇಬೇಕು. ಬೇರೆ ಯಾವುದಕ್ಕಾಗಿಯೂ ಅಲ್ಲದೆ ತನಗಾಗಿಯೇ ಬೇಕೆನಿಸುವ ವಸ್ತು ಸಿಕ್ಕಿದಲ್ಲಿ ಅದು ನಿಲ್ಲುತ್ತದೆ, ಆ ವಸ್ತುವೇ ಪರಮ ಒಳಿತು. ನಿಮ್ಮ ಲೇತಿನಲ್ಲಿ ತಯಾರಾಗುವ ಬುಷ್ (ಯಂತ್ರದೊಳಗೆ ಕೂರುವ ಲೋಹದ ಬಳೆ) ಪಂಪಿಗಾಗಿ, ಪಂಪು ಕೋಲಾರದ ಕಡೆಯ ಯಾವುದೋ ಕೊಳವೆಬಾವಿಗಾಗಿ, ನೀರು ಬೆಳೆಗಾಗಿ, ಬೆಳೆ ಒಂದು ಮನೆಯ ನೆಮ್ಮದಿಗಾಗಿ ಇರುತ್ತದೆ. ಆ ಬುಷ್ ಮಾರಿ ಬಂದ ಹಣದಿಂದ ಇನ್ನೊಂದು ಸರಪಳಿ ಹೊರಡುತ್ತದೆ: ಸಂಬಳ, ಬ್ಯಾಂಕಿನ ಕಂತು, ಲಾಭಾಂಶ. ಈ ಎರಡರಲ್ಲಿ ಯಾವುದು ಯಾವುದಕ್ಕಾಗಿ ಎಂದು ತೀರ್ಮಾನಿಸುವುದೇ ಕಂಪನಿಯ ಪರಮ ಒಳಿತನ್ನು ಗುರುತಿಸುವ ಕೆಲಸ.

ನಮ್ಮಲ್ಲಿಯೂ ಈ ಲೆಕ್ಕ ಹೊಸದಲ್ಲ. ಪುರುಷಾರ್ಥಗಳ ಸಾಲಿನಲ್ಲಿ ಅರ್ಥಕ್ಕೆ, ಎಂದರೆ ದುಡಿಮೆ ಮತ್ತು ಸಂಪತ್ತಿಗೆ, ಗೌರವದ ಸ್ಥಾನವಿದೆ, ಆದರೆ ಅದು ಧರ್ಮದ ಹದ್ದಿನೊಳಗಿನ ಸ್ಥಾನ. ಕಠೋಪನಿಷತ್ತಿನಲ್ಲಿ ಯಮನು ನಚಿಕೇತನಿಗೆ ಶ್ರೇಯಸ್ಸು (ಒಳಿತಾದದ್ದು) ಬೇರೆ, ಪ್ರೇಯಸ್ಸು (ಪ್ರಿಯವಾದದ್ದು) ಬೇರೆ, ಎರಡೂ ಮನುಷ್ಯನ ಮುಂದೆ ಬರುತ್ತವೆ, ಆರಿಸಿಕೊಳ್ಳಬೇಕು ಎನ್ನುತ್ತಾನೆ. ಬಹುಪಾಲು ಕಂಪನಿಗಳ ಮುನ್ನೋಟದ ಹೇಳಿಕೆಗಳು ಈ ಆಯ್ಕೆಯನ್ನು ಮಾಡುವುದಿಲ್ಲ. ‘ದೇಶದಲ್ಲೇ ನಂಬರ್ ಒನ್ ಆಗುವುದು’ ಎಂಬ ಮಾತನ್ನು ಪರಮ ಗುರಿ ಎಂದು ಗೋಡೆಗೆ ಹಾಕಿರುವುದನ್ನು ನೀವೂ ನೋಡಿರುತ್ತೀರಿ. ಅದು ಶರ್ಯತ್ತಿನ ಸ್ಥಾನವನ್ನು ಹೇಳುತ್ತದೆಯೇ ಹೊರತು ಒಳಿತನ್ನು ಹೇಳುವುದಿಲ್ಲ. ಕಳಪೆ ಮಾಲು ಮಾರುವುದರಲ್ಲಿಯೂ ನಂಬರ್ ಒನ್ ಆಗಬಹುದಲ್ಲ!

ನಿಮ್ಮ ಕಂಪನಿಯ ವಾಕ್ಯದ ತೊಡಕು ಬೇರೆ ಬಗೆಯದು. ನಾಲ್ವರನ್ನು ಸಾಲಾಗಿ ನಿಲ್ಲಿಸಿ ಎಲ್ಲರಿಗೂ ‘ಪರಮೋಚ್ಚ’ ಎಂದು ಹೇಳಿದಾಗ, ಯಾರೂ ಯಾರಿಗಿಂತಲೂ ಮೇಲಿಲ್ಲ ಎಂದಂತಾಗುತ್ತದೆ. ದಿನನಿತ್ಯ ಇದರಿಂದ ತೊಂದರೆಯೇನಿಲ್ಲ, ಏಕೆಂದರೆ ಹೆಚ್ಚಿನ ದಿನಗಳಲ್ಲಿ ನಾಲ್ವರ ಹಿತವೂ ಒಂದೇ ದಾರಿಯಲ್ಲಿ ನಡೆಯುತ್ತದೆ. ಆದರೆ ತಿಂಗಳ ಕೊನೆಯ ದಿನ ಸಂಜೆಯನ್ನು ನೆನೆಸಿಕೊಳ್ಳಿ. ಗೇಟಿನಲ್ಲಿ ಲಾರಿ ನಿಂತಿದೆ, ಆ ತಿಂಗಳ ಡಿಸ್ಪ್ಯಾಚ್ ಲೆಕ್ಕ ಮುಟ್ಟಬೇಕು, ತಪಾಸಣೆಯ ಮೇಜಿನ ಮುಂದೆ ಕುಳಿತ ಹುಡುಗಿ, ರಂಧ್ರದ ಅಳತೆ ಪರೀಕ್ಷಿಸುವ ಪ್ಲಗ್ ಗೇಜಿನ ‘ನೋ ಗೋ’ ತುದಿಯನ್ನು ಬುಷ್‌ನ ರಂಧ್ರಕ್ಕೆ ಹಿಡಿಯುತ್ತಾಳೆ. ಒಳಗೆ ಹೋಗಬಾರದ ಆ ತುದಿ ಸಲೀಸಾಗಿ ಒಳಗೆ ಹೋಗುತ್ತದೆ. ಎಂದರೆ ರಂಧ್ರ ಅಳತೆ ಮೀರಿದೆ, ತೆಗೆದ ಲೋಹವನ್ನು ಮರಳಿ ಹಾಕಲಾಗದು, ತುಂಡು ಗುಜರಿಗೆ ಹೋಗಬೇಕು. ಒಂದೇ ತುಂಡಾದರೆ ಸರಿ, ಇಡೀ ಟ್ರೇ ಹಾಗೆಯೇ ಇದ್ದರೆ? ಪಕ್ಕದಲ್ಲಿ ನಿಂತ ಸೂಪರ್‌ವೈಸರ್ ‘ಇರ್ಲಿ ಬಿಡಮ್ಮ, ನಡೆಯುತ್ತೆ’ ಎನ್ನುತ್ತಾರೋ, ಟ್ರೇಗೆ ಕೆಂಪು ಚೀಟಿ ಅಂಟಿಸುತ್ತಾರೋ, ಆ ಕಂಪನಿಯ ಪರಮ ಒಳಿತು ಯಾವುದೆಂದು ಅಲ್ಲಿ ತಿಳಿಯುತ್ತದೆ. ಮುನ್ನೋಟವೊಂದರ ಕೆಲಸ ಆ ಹುಡುಗಿಗೆ ಆ ಕ್ಷಣದಲ್ಲಿ ಉತ್ತರ ಕೊಡುವುದು. ನಾಲ್ವರೂ ಸಮಾನವಾಗಿ ಪರಮ ಎಂದರೆ ಅವಳಿಗೆ ಉತ್ತರ ಸಿಗುವುದಿಲ್ಲ.

ಆದ್ಯತೆಯನ್ನು ಸ್ಪಷ್ಟವಾಗಿ ಬರೆದಿಟ್ಟ ಹೇಳಿಕೆಗಳೂ ಇವೆ. ಅಮೆರಿಕದ ಜಾನ್ಸನ್ ಅಂಡ್ ಜಾನ್ಸನ್ ಕಂಪನಿ 1943ರಲ್ಲಿ ಬರೆದುಕೊಂಡ ಪ್ರತಿಜ್ಞೆಯಲ್ಲಿ ಮೊದಲ ಹೊಣೆ ವೈದ್ಯರು, ದಾದಿಯರು, ಆಸ್ಪತ್ರೆಗಳು, ತಾಯಂದಿರು ಮತ್ತು ತನ್ನ ಉತ್ಪನ್ನ ಬಳಸುವ ಇತರರಿಗೆ, ಕೊನೆಯ ಹೊಣೆ ಷೇರುದಾರರಿಗೆ. 1982ರಲ್ಲಿ ಶಿಕಾಗೋ ಸುತ್ತಮುತ್ತ ಯಾರೋ ಅದರ ಟೈಲೆನಾಲ್ ಎಂಬ ನೋವುನಿವಾರಕ ಕ್ಯಾಪ್ಸೂಲ್‌ಗಳಲ್ಲಿ ಸಯನೈಡ್ ಬೆರೆಸಿ ಏಳು ಜನ ಸತ್ತಾಗ, ಕಂಪನಿ ಸುಮಾರು 3.1 ಕೋಟಿ ಬಾಟಲಿಗಳನ್ನು ದೇಶದಾದ್ಯಂತ ಹಿಂದಕ್ಕೆ ಕರೆಸಿತು. ಇದೇ ಕಂಪನಿ ಮುಂದೆ ಟಾಲ್ಕಂ ಪೌಡರಿನ ವಿಚಾರದಲ್ಲಿ ಸಾವಿರಾರು ಮೊಕದ್ದಮೆಗಳನ್ನು ಎದುರಿಸಿತು ಎಂಬುದನ್ನೂ ಹೇಳಬೇಕು. ಬರೆದಿಟ್ಟ ಮಾತು ಎಲ್ಲ ಕಾಲಕ್ಕೂ ಕಾವಲು ನಿಲ್ಲುವುದಿಲ್ಲ.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಜೆ.ಸಿ. ರಸ್ತೆಯಲ್ಲಿ ಪ್ರಧಾನ ಕಚೇರಿ ಇರುವ ಕೆನರಾ ಬ್ಯಾಂಕನ್ನು 1906ರಲ್ಲಿ ಮಂಗಳೂರಿನಲ್ಲಿ ಒಂದು ನಿಧಿಯಾಗಿ ಆರಂಭಿಸಿದ ಅಮ್ಮೆಂಬಳ ಸುಬ್ಬರಾವ್ ಪೈ ಅವರ ಸ್ಥಾಪಕ ತತ್ತ್ವಗಳನ್ನು ಓದಿ ನೋಡಿ. ಅಜ್ಞಾನ ಮತ್ತು ಮೂಢನಂಬಿಕೆಯನ್ನು ಹೋಗಲಾಡಿಸುವುದು, ವಿದ್ಯೆಯನ್ನು ಹರಡುವುದು, ಉಳಿತಾಯದ ಅಭ್ಯಾಸ ಬೆಳೆಸುವುದು, ಸಂಸ್ಥೆಯು ಸಮುದಾಯದ ಹಣಕಾಸಿನ ಹೃದಯವಾಗುವುದರ ಜೊತೆಗೆ ಸಾಮಾಜಿಕ ಹೃದಯವೂ ಆಗುವುದು ಎಂದು ಅವು ಹೇಳುತ್ತವೆ. ಹಣದ ವ್ಯವಹಾರವೇ ಕಸುಬಾದ ಸಂಸ್ಥೆಯೊಂದು ಹಣ ಯಾವುದಕ್ಕಾಗಿ ಎಂಬುದನ್ನು ಹುಟ್ಟುವಾಗಲೇ ಹೇಳಿಕೊಂಡದ್ದು ಇಲ್ಲಿಯ ವಿಶೇಷ. ಹಾಗೆಯೇ 1956ರಲ್ಲಿ ಸ್ಥಾಪನೆಯಾದ ಜೀವ ವಿಮಾ ನಿಗಮದ ಲಾಂಛನದಲ್ಲಿರುವ ‘ಯೋಗಕ್ಷೇಮಂ ವಹಾಮ್ಯಹಮ್’ ಎಂಬ ಗೀತೆಯ ಮಾತು. ಇಲ್ಲದುದನ್ನು ದೊರಕಿಸಿಕೊಳ್ಳುವುದು ಯೋಗ, ಇರುವುದನ್ನು ಕಾಪಾಡಿಕೊಳ್ಳುವುದು ಕ್ಷೇಮ, ಎರಡನ್ನೂ ‘ನಾನು ಹೊರುತ್ತೇನೆ’. ಶ್ರೀಕೃಷ್ಣನ ಮಾತನ್ನು ವಿಮಾ ಸಂಸ್ಥೆ ತನ್ನ ಬಾಯಲ್ಲಿ ಆಡುವುದು ಸ್ವಲ್ಪ ಧೈರ್ಯದ ಕೆಲಸವೇ ಸರಿ. ಆದರೂ ಮೂರೇ ಪದಗಳಲ್ಲಿ ಯಾವ ಒಳಿತು ಎಂಬುದೂ, ಅದನ್ನು ಹೊರುವವರು ಯಾರು ಎಂಬುದೂ ಇದೆ. ನಿಮ್ಮ ವಾಕ್ಯದಲ್ಲಿ ಹೊರುವವರು ಕಾಣುವುದಿಲ್ಲ.

ಇನ್ನು ಕಾನೂನು. 2013ರ ಕಂಪನಿ ಕಾಯ್ದೆಯ ಪ್ರಕಾರ ಸಂಘ ಜ್ಞಾಪನ ಪತ್ರದಲ್ಲಿ (ಮೆಮೊರಾಂಡಮ್ ಆಫ್ ಅಸೋಸಿಯೇಷನ್, ಕಂಪನಿಯ ಮೂಲ ದಾಖಲೆ) ಕಂಪನಿಯ ಉದ್ದೇಶಗಳನ್ನು ಬರೆಯುವುದು ಕಡ್ಡಾಯ, ವಿಷನ್ ಸ್ಟೇಟ್‌ಮೆಂಟ್ ಕಡ್ಡಾಯವಲ್ಲ. ಅದೇ ಕಾಯ್ದೆಯ 166(2)ನೇ ಕಲಮು, ನಿರ್ದೇಶಕರು ಸದಸ್ಯರೆಲ್ಲರ ಪ್ರಯೋಜನಕ್ಕಾಗಿ ಕಂಪನಿಯ ಉದ್ದೇಶಗಳನ್ನು ಸಾಧಿಸಲು ಸದ್ಭಾವನೆಯಿಂದ ನಡೆದುಕೊಳ್ಳಬೇಕು, ಕಂಪನಿ, ನೌಕರರು, ಷೇರುದಾರರು ಮತ್ತು ಸಮುದಾಯದ ಹಿತಕ್ಕಾಗಿಯೂ ಪರಿಸರದ ರಕ್ಷಣೆಗಾಗಿಯೂ ನಡೆದುಕೊಳ್ಳಬೇಕು ಎನ್ನುತ್ತದೆ. ಇವರಲ್ಲಿ ಯಾರು ಮೊದಲು ಎಂದು ಮಾತ್ರ ಬಿಡಿಸಿ ಹೇಳುವುದಿಲ್ಲ. ನಿಮ್ಮ ಹೇಳಿಕೆ ಬರೆದವರು ಈ ಕಲಮನ್ನೇ ಎದುರಿಗಿಟ್ಟುಕೊಂಡು ಬರೆದಂತೆ ನನಗೆ ಕಾಣುತ್ತದೆ. ಲಾಭ ಹೆಚ್ಚಿಸುವುದೇ ವ್ಯವಹಾರದ ಸಾಮಾಜಿಕ ಹೊಣೆ ಎಂದು 1970ರಲ್ಲಿ ವಾದಿಸಿದ ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಅವರ ನಿಲುವು ನನಗೆ ಒಪ್ಪಿಗೆಯಿಲ್ಲ. ಆದರೆ ಅವರು ಯಾರನ್ನು ಮೊದಲಿಟ್ಟರು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಕೊನೆಗೆ ಪದದ ವಿಚಾರ. ‘ಪರಮಾರ್ಥ’ ಎಂದರೆ ಕನ್ನಡಿಗರಿಗೆ ಮೋಕ್ಷವೋ ಪರಮ ಸತ್ಯವೋ ನೆನಪಾಗುತ್ತದೆ, ಅದನ್ನು ಬಿಡಿ. ‘ಶ್ರೇಯೋಭಿವೃದ್ಧಿ’ ಒಳ್ಳೆಯ ಪದವೇ, ಆದರೆ ಸರ್ಕಾರಿ ಯೋಜನೆಗಳಲ್ಲಿ ಬಳಸಿ ಬಳಸಿ ಮೇಲಿನವರು ಕೆಳಗಿನವರಿಗೆ ಹಂಚುವ ಸವಲತ್ತು ಎಂಬ ಛಾಯೆ ಅದಕ್ಕೆ ಅಂಟಿಕೊಂಡಿದೆ. ‘ಹಿತ’ ಸಲ್ಲುತ್ತದೆ. ಆಕಾಶವಾಣಿಯ ‘ಬಹುಜನ ಹಿತಾಯ, ಬಹುಜನ ಸುಖಾಯ’ದಲ್ಲಿ ಹಿತವನ್ನೂ ಸುಖವನ್ನೂ ಬೇರೆ ಬೇರೆಯಾಗಿ ಹೇಳಿದೆ, ಕಹಿ ಕಷಾಯ ಹಿತವಾದೀತು, ಸುಖವಾಗದು. ಆದರೂ ನಾನಾಗಿದ್ದರೆ ‘ಒಳಿತು’ ಎಂದೇ ಬರೆಸುತ್ತಿದ್ದೆ, ಅದರ ಹಿಂದೆ ‘ಪರಮ’, ‘ಪರಮೋಚ್ಚ’ ಯಾವುದನ್ನೂ ಸೇರಿಸುತ್ತಿರಲಿಲ್ಲ. ವಾಕ್ಯದಲ್ಲಿ ಕ್ರಮ ಇದ್ದರೆ ಯಾವುದು ಪರಮ ಎಂಬುದು ತಾನಾಗಿಯೇ ಗೊತ್ತಾಗುತ್ತದೆ. ‘ನಮ್ಮ ಬಿಡಿಭಾಗವನ್ನು ನಂಬಿ ಯಂತ್ರ ನಡೆಸುವವರ ಒಳಿತು ಮೊದಲು, ಅದನ್ನು ತಯಾರಿಸುವ ನಮ್ಮವರ ಒಳಿತು ಅದರ ಜೊತೆಗೆ, ಲಾಭ ಇವೆರಡರ ನಂತರ’ ಎಂಬಂಥ ಕರಡೊಂದನ್ನು ಆಡಳಿತ ಮಂಡಳಿಯ ಮುಂದಿಡಿ. ಕೊನೆಯ ತುಂಡಿಗೆ ಆಕ್ಷೇಪ ಬಂದರೆ ವಾದಕ್ಕೆ ನಿಲ್ಲಬೇಡಿ, ‘ಎಲ್ಲರ ಒಳಿತಿಗಾಗಿ’ ಎಂದಷ್ಟೇ ಬರೆಸಿ. ಅದು ತಪ್ಪು ಕನ್ನಡವೇನಲ್ಲ, ಪೇಂಟರಿಗೂ ಅಕ್ಷರ ಕಡಿಮೆಯಾಗುತ್ತದೆ.