ಸೋವಿಯತ್ ಆಳ್ವಿಕೆಯ ಮೊದಲ ವರ್ಷಗಳಲ್ಲಿ ಗಣಿ ಊರುಗಳ ಸಹಕಾರಿ ಅಂಗಡಿ ನಿಜಕ್ಕೂ ಕಾರ್ಮಿಕರದ್ದೇ ಆಗಿತ್ತಾ?

ಕೆಲವು ವರ್ಷ, ಸ್ವಲ್ಪ ಮಟ್ಟಿಗೆ ಹೌದು. ಉಕ್ರೇನಿನ ದೊನ್‌ಬಾಸ್ ಪ್ರದೇಶದ ಕಲ್ಲಿದ್ದಲು ಊರು ಯೂಜೊವ್ಕಾವನ್ನೇ ನೋಡಿ (ಈಗಿನ ದೊನೆತ್ಸ್ಕ್, 1924ರಲ್ಲಿ ಸ್ತಾಲಿನ್, ಆಮೇಲೆ ಸ್ತಾಲಿನೊ ಆಯಿತು). 1919ರ ಆದೇಶ ಎಲ್ಲರನ್ನೂ ಕಡ್ಡಾಯವಾಗಿ ಸಹಕಾರಿಯ ಸದಸ್ಯರನ್ನಾಗಿಸಿತ್ತು. ಕೇಳದೆ ಸೇರಿಸಿದರೆ ಅದು ಸಹಕಾರ ಹೇಗಾಗುತ್ತೆ, ಅಲ್ವಾ? 1923ರ ಕೊನೆಗೆ ಆ ಕಡ್ಡಾಯ ಹೋಯಿತು. ಷೇರು ಹಣ ಕಟ್ಟಿದವರು ಸದಸ್ಯರಾದರು, ಆಡಳಿತ ಮಂಡಳಿಗೆ ಚುನಾವಣೆಯೂ ಇತ್ತು.

ಗಣಿಯವರಿಗೆ ಇಲ್ಲಿ ಸಾಲ ಸಿಗುತ್ತಿತ್ತು. ಹಿಟ್ಟು, ಸಕ್ಕರೆ, ಸೀಮೆಎಣ್ಣೆ ಈಗ ಒಯ್ದರೆ ದುಡ್ಡು ಆಮೇಲೆ ಸಂಬಳದಲ್ಲಿ ಮುರಿದುಕೊಳ್ಳುತ್ತಿದ್ದರು. ಸಂಬಳವೇ ತಡವಾಗುವ ಊರಲ್ಲಿ ಇದು ದೊಡ್ಡ ಆಸರೆ.

1932ರ ಕೊನೆಗೆ ಬಿಗಿ ಜಾಸ್ತಿಯಾಯಿತು. ಕಾರಣವಿಲ್ಲದೆ ಒಂದು ದಿನ ಕೆಲಸ ತಪ್ಪಿಸಿದರೂ ಕೆಲಸ ಹೋಗುತ್ತಿತ್ತು, ಜೊತೆಗೆ ರೇಷನ್ ಕಾರ್ಡೂ. ದೊಡ್ಡ ಉದ್ಯಮಗಳಲ್ಲಿ ಅಂಗಡಿಯನ್ನೇ ನಿರ್ದೇಶಕರ ಕೈಗೆ ಕೊಟ್ಟರು. 1935ರಲ್ಲಿ ನಗರಗಳ ಗ್ರಾಹಕ ಸಹಕಾರಿಗಳನ್ನು ಮುಚ್ಚಿ, ಅಂಗಡಿಗಳನ್ನು ಸರ್ಕಾರಿ ವ್ಯಾಪಾರಕ್ಕೆ ಸೇರಿಸಿದರು.