ಜಾಹೀರಾತು ತಡೆಯುವುದು ತಪ್ಪೇ?

ಪ್ರಶ್ನೆ: ಜಾಲತಾಣಗಳ ಜಾಹೀರಾತುಗಳನ್ನು ಆ್ಯಡ್ ಬ್ಲಾಕರ್ ಹಾಕಿ ತಡೆಯುತ್ತೇನೆ. ಇದು ಬರೆದವರ ಸಂಪಾದನೆಗೆ ಕಲ್ಲು ಹಾಕಿದಂತಲ್ಲವೇ?

ಉತ್ತರ: ನಿಮ್ಮ ಅಳುಕು ನ್ಯಾಯವಾದದ್ದೇ, ಜಾಹೀರಾತು ಮೂಡದಿದ್ದರೆ ಆ ಓದಿನಿಂದ ತಾಣಕ್ಕೆ ಸಾಮಾನ್ಯವಾಗಿ ಹಣ ಬರುವುದಿಲ್ಲ, ಸಣ್ಣ ಪ್ರಕಾಶಕರಿಗೆ ಈ ಪೆಟ್ಟು ಜೋರಾಗಿಯೇ ತಾಗುತ್ತದೆ. ಆದರೆ ಇಂದಿನ ಜಾಹೀರಾತು ಬರಿಯ ಚಿತ್ರವಲ್ಲ: ಎಷ್ಟೋ ತಾಣಗಳಲ್ಲಿ ಪುಟ ತೆರೆಯುವ ಕ್ಷಣದಲ್ಲೇ ಜಾಹೀರಾತಿನ ಜಾಗ ಹರಾಜಾಗುತ್ತದೆ, ಅದಕ್ಕಾಗಿ ಓದುಗರ ವಿವರಗಳು ಅವರು ಹೆಸರೂ ಕೇಳದ ಹಲವು ಸಂಸ್ಥೆಗಳಿಗೆ ರವಾನೆಯಾಗುತ್ತವೆ, ಕೆಲವೊಮ್ಮೆ ಜಾಹೀರಾತಿನ ವೇಷದಲ್ಲಿ ವಂಚಕರೂ ನುಸುಳುತ್ತಾರೆ. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ 2022ರ ಡಿಸೆಂಬರ್‌ನಲ್ಲಿ, ಅಂತರ್ಜಾಲದಲ್ಲಿ ಹುಡುಕುವಾಗ ಆ್ಯಡ್ ಬ್ಲಾಕರ್ ಬಳಸಿರೆಂದು ಸಲಹೆ ನೀಡಿದ್ದು ಇಂಥ ವಂಚನೆಯ ಕಾರಣಕ್ಕೇ. ಹೀಗೆ ತನ್ನನ್ನು ಕಾಪಾಡಿಕೊಳ್ಳುವುದನ್ನು ಕಳ್ಳತನವೆನ್ನಲು ನಾನು ಒಪ್ಪುವುದಿಲ್ಲ. ನೀವು ನಿತ್ಯ ಓದುವ, ಓದುಗರ ಬೆನ್ನುಹತ್ತದೆ ಜಾಹೀರಾತು ತೋರಿಸುವ ತಾಣಗಳಿಗೆ ಮಾತ್ರ ತಡೆಯನ್ನು ತೆಗೆಯಿರಿ. ಚಂದಾ ಕಟ್ಟುವ ಅವಕಾಶವಿದ್ದರೆ ಅದು ಇನ್ನೂ ಉತ್ತಮ.