ಶ್ವಾಸಕೋಶದ ಗಂಟು ಕ್ಯಾನ್ಸರ್ ಅಲ್ಲದೆ ಬೇರೇನಾದರೂ ಆಗಿರಬಹುದೇ?

ಆಗಿರಬಹುದು. ಆದರೆ ಅದನ್ನು ಹೇಳಬೇಕಾದದ್ದು ಬಯಾಪ್ಸಿ, ಅಂದರೆ ಗಂಟಿನ ಸಣ್ಣ ತುಣುಕು ತೆಗೆದು ಮಾಡುವ ಪರೀಕ್ಷೆ. ಸೂಜಿ ಚುಚ್ಚಿದರೆ ರೋಗ ಹರಡುತ್ತದೆಂದು ನಿಮ್ಮ ತಂದೆಯವರು ಬೇಡವೆನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ನನ್ನ ಅಮ್ಮನಿಗೆ ಗಂಟು ಕಂಡಾಗ ಅದೇ ಭಯದಲ್ಲಿ ನಾವೂ ಹನ್ನೆರಡು ದಿನ ಕಳೆದೆವು. ಹಾಗೆ ಹರಡುವುದು ತೀರಾ ಅಪರೂಪ. ಕಾಯುವುದರಿಂದ ಆಗುವ ನಷ್ಟ ಅದಕ್ಕಿಂತ ದೊಡ್ಡದು.

ನನ್ನ ಅಮ್ಮನ ಸಿಟಿ ಸ್ಕ್ಯಾನ್‌ನಲ್ಲಿ ಐದು ಗಂಟುಗಳಿದ್ದವು, ದೊಡ್ಡದರ ನಡುವೆ ಟೊಳ್ಳು. ಕಫದಲ್ಲಿ ಕ್ಷಯ ಇರಲಿಲ್ಲ. ವಿಕಿರಣ ಸೂಸುವ ಸಕ್ಕರೆಯನ್ನು ರಕ್ತಕ್ಕೆ ಕೊಟ್ಟು ತೆಗೆಯುವ ಪೆಟ್ ಸ್ಕ್ಯಾನ್‌ನಲ್ಲಿ ಗಂಟುಗಳು ಹೊಳೆದಾಗ ನಾವು ಕುಸಿದುಹೋದೆವು. ಉರಿಯೂತವಿರುವ ಜಾಗವೂ ಕ್ಯಾನ್ಸರ್‌ನಂತೆಯೇ ಸಕ್ಕರೆ ಹೀರಿ ಹೊಳೆಯುತ್ತದೆ ಎಂಬುದು ಆಗ ಗೊತ್ತಿರಲಿಲ್ಲ.

ಬಯಾಪ್ಸಿಯಲ್ಲಿ ಕಂಡದ್ದು ಸತ್ತ ಅಂಗಾಂಶ ಮತ್ತು ಉರಿಯೂತದ ಸಣ್ಣ ರಕ್ತನಾಳಗಳು. ರಕ್ತದಲ್ಲಿ ಪಿಆರ್-3 ಆಂಕಾ ಎಂಬ ಪ್ರತಿಕಾಯ ಸಿಕ್ಕಿತು. ಕಾಯಿಲೆಯ ಹೆಸರು ಗ್ರಾನ್ಯುಲೊಮಟೋಸಿಸ್ ವಿತ್ ಪಾಲಿಯಾಂಜೈಟಿಸ್, ಚಿಕ್ಕದಾಗಿ ಜಿಪಿಎ. 2011ರಲ್ಲಿ ಈ ಹೆಸರು ಬಂದರೂ ಅನೇಕ ವೈದ್ಯರ ಬಾಯಲ್ಲಿ ಇನ್ನೂ ಹಳೆಯ ‘ವೆಗೆನರ್ಸ್’ ಉಳಿದಿದೆ. ಇದರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಮೂಗು, ಶ್ವಾಸಕೋಶ, ಮೂತ್ರಪಿಂಡಗಳ ಸಣ್ಣ ರಕ್ತನಾಳಗಳನ್ನು ಹಾಳುಮಾಡುತ್ತದೆ.

ಸುಳಿವು ಕಣ್ಣೆದುರೇ ಇತ್ತು. ಐದು ತಿಂಗಳಿಂದ ಬೆಳಿಗ್ಗೆ ಅಮ್ಮನ ಕರವಸ್ತ್ರದಲ್ಲಿ ರಕ್ತ ಬೆರೆತ ಗಟ್ಟಿ ಹಕ್ಕಳೆ ಇರುತ್ತಿತ್ತು. ಧೂಳು, ಸೈನಸ್ ಎಂದುಕೊಂಡೆವು. ಒಂದು ಕಿವಿ ಮಂದವಾಗಿತ್ತು, ವಯಸ್ಸು ಎಂದೆವು. ಕೊನೆಗೆ ಮೂತ್ರ ಪರೀಕ್ಷಿಸಿದರೆ ಬರಿಗಣ್ಣಿಗೆ ಕಾಣದ ರಕ್ತಕಣಗಳು, ಸೋರುತ್ತಿದ್ದ ಪ್ರೋಟೀನ್. ನೋವೇ ಇಲ್ಲದೆ ಮೂತ್ರಪಿಂಡ ಕೆಡುತ್ತಿತ್ತು. ಆದ್ದರಿಂದ ನಿಮ್ಮ ತಂದೆಯವರ ಮೂಗು, ಕಿವಿಯ ತೊಂದರೆಗಳನ್ನು ಕೇಳಿ ವೈದ್ಯರಿಗೆ ತಿಳಿಸಿ. ಮೂತ್ರ, ಕ್ರಿಯಾಟಿನಿನ್ (ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ ರಕ್ತಪರೀಕ್ಷೆ), ಆಂಕಾ ಪರೀಕ್ಷೆಗಳ ಬಗ್ಗೆಯೂ ವಿಚಾರಿಸಿ. ಇವೆಲ್ಲ ಬಯಾಪ್ಸಿಗೆ ಬದಲಿಯಲ್ಲ. ಸಣ್ಣ ತುಣುಕಿನಲ್ಲಿ ‘ಕ್ಯಾನ್ಸರ್ ಕಂಡಿಲ್ಲ’ ಎಂದು ಬಂದರೂ ಅಲ್ಲಿಗೇ ಬಿಡಬೇಡಿ. ಹಾಗಾದರೆ ಇದೇನು ಎಂದು ಕೇಳಿ.

ಔಷಧಿಯಿಲ್ಲದ ಕಾಲದಲ್ಲಿ ಇದು ತೀವ್ರವಾಗಿದ್ದವರಲ್ಲಿ ಹೆಚ್ಚಿನವರು ವರ್ಷದೊಳಗೆ ತೀರಿಕೊಳ್ಳುತ್ತಿದ್ದರು. ಅಮ್ಮನಿಗೆ ಸ್ಟೀರಾಯ್ಡ್ ಜೊತೆಗೆ ವಾರಕ್ಕೊಂದರಂತೆ ನಾಲ್ಕು ಸಲ ರಿಟುಕ್ಸಿಮ್ಯಾಬ್ ಎಂಬ, ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಔಷಧಿಯ ಡ್ರಿಪ್ ಕೊಟ್ಟರು. ಮೂರು ತಿಂಗಳ ಮೇಲೆ ತೆಗೆದ ಸ್ಕ್ಯಾನ್‌ನಲ್ಲಿ ದೊಡ್ಡ ಗಂಟಿದ್ದ ಕಡೆ ತೆಳ್ಳನೆಯ ಗೆರೆಯಷ್ಟೇ ಉಳಿದಿತ್ತು. ಮತ್ತೆ ಮರುಕಳಿಸಬಹುದಾದ್ದರಿಂದ ಇಂದಿಗೂ ಇಂಥ ಕಾಯಿಲೆಗಳನ್ನು ನೋಡುವ ತಜ್ಞ ವೈದ್ಯರಾದ ರುಮಟಾಲಜಿಸ್ಟ್ ಬಳಿ ಹೋಗಿಬರುತ್ತೇವೆ.

ನಿಮ್ಮ ತಂದೆಯವರದ್ದು ಕ್ಯಾನ್ಸರ್ ಆಗಿರಲೂಬಹುದು. ಹಾಗಿದ್ದರೂ ಬೇಗ ತಿಳಿಯುವುದೇ ಒಳ್ಳೆಯದು. ಬಯಾಪ್ಸಿ ಹೇಗಿರುತ್ತದೆಂದು ಅವರಿಗೆ ಹೇಳಿ: ಅಮ್ಮನನ್ನು ಸ್ಕ್ಯಾನ್ ಮೇಜಿನ ಮೇಲೆ ಮಲಗಿಸಿ, ಚುಚ್ಚುವ ಜಾಗವನ್ನಷ್ಟೇ ಮರಗಟ್ಟಿಸಿ, ಉಸಿರು ಹಿಡಿಯಿರಿ ಎಂದರು. ಅರ್ಧ ಗಂಟೆಯಲ್ಲಿ ಮುಗಿಯಿತು. ಎದೆಯೊಳಗೆ ಗಾಳಿ ಸೋರಿದೆಯೇ ಎಂದು ಆಮೇಲೆ ಎಕ್ಸ್‌ರೇ ತೆಗೆದು ನೋಡಿದರು. ಸಂಜೆ ಅಮ್ಮ ಕಾಫಿ ಕೇಳಿದರು.